ಕೌದಿ ಹೊಲಿಯುವ ಕೈಗಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರಗಳನ್ನು ಎಸೆಯುತ್ತಿರಲಿಲ್ಲ. ಕೌದಿ ಎಂಬ ಹೊದಿಕೆ ಹೊಲಿಯಲೆಂದು ಗಂಟು ಕಟ್ಟಿ ಇಡುತ್ತಿದ್ದರು. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ಕೂಸಿಗೊಂದು ಕೌದಿ ತವರಿನ ಉಡುಗೊರೆಯಾಗಿ ಹೋಗಬೇಕಲ್ಲ!

ಹೊಲಿಯಲು ಪುರುಸೊತ್ತಿಲ್ಲದವರು ಊರೂರು ತಿರುಗುವ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಬಟ್ಟೆ ಮನೆಯವರದು, ಕಸುಬು ಇವರದು. ಹಳೆ ಸೀರೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತಿದ್ದರು. ಹೊಲಿಗೆ ಒತ್ತಾದಷ್ಟೂ ಕೌದಿಗೆ ಬಾಳಿಕೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿ ಇನ್ನೊಂದು ಬಗೆ. ಪೂರ್ವಜರು ಆಫ್ರಿಕಾದಿಂದ ಬಂದ ಸಮುದಾಯವಿದು. ಇವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿದ ತ್ರಿಕೋನದ ‘ಫುಲ’ ಕೂರಿಸಬೇಕು. ಅದಿಲ್ಲದ ಕೌದಿ ಇವರ ಕಣ್ಣಿಗೆ ಬೆತ್ತಲೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಗಳ ಕೌದಿಗಳನ್ನು ಅಧ್ಯಯನ ಮಾಡಿದರು. ಮನೆಮಂದಿಗಷ್ಟೇ ಹೊಲಿಯುತ್ತಿದ್ದ ಸಿದ್ದಿ ಮಹಿಳೆಯರು ಸಹಕಾರಿ ಸಂಘ ಕಟ್ಟಿಕೊಂಡು ಮಾರಾಟಕ್ಕೂ ಹೊಲಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು. ಆ ಗೌರವ ಸಲ್ಲಲೇಬೇಕಿತ್ತು. ಊರೂರು ತಿರುಗಿ ಹೊಲಿದ ಗೊಂದಲಿಗರ ಹೆಣ್ಣುಮಕ್ಕಳಿಗೂ ಅಷ್ಟೇ ಗೌರವ ಸಲ್ಲಬೇಕು.