ದಡ ಕಾಯುತ್ತಿದ್ದ ಲಕ್ಕಿ

ಹೊಳೆ ದಡ ಕುಸಿದರೆ ಈಗ ನಾವೆಲ್ಲ ಮೊದಲು ಕೇಳುವುದು ಸಿಮೆಂಟಿನ ತಡೆಗೋಡೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ದಡ ಹೆಚ್ಚಾಗಿ ಕುಸಿಯುವುದು ನೀರು ಇಳಿಯುವಾಗ. ನೆನೆದು ಭಾರವಾದ ಮಣ್ಣನ್ನು ಹಿಡಿದಿಡಲು ಬೇರು ಇಲ್ಲದಿದ್ದರೆ ಹೊಲವೇ ಹೊಳೆ ಪಾಲು.

ಸಿಮೆಂಟು ಬರುವ ಮೊದಲೂ ನಮ್ಮ ಜಿಲ್ಲೆಯಲ್ಲಿ ನೀರಾವರಿ ಇತ್ತು. ಕಾವೇರಿಗೆ ಕಟ್ಟೇಪುರದಲ್ಲಿ, ಹೇಮಾವತಿಗೆ ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆಯಲ್ಲಿ ಅಡ್ಡಗಟ್ಟೆ ಹಾಕಿ ನಾಲೆ ತೋಡಿದ್ದರು. 1979ರಲ್ಲಿ ಗೊರೂರು ಅಣೆಕಟ್ಟು ಮುಗಿಯುವುದಕ್ಕಿಂತ ಬಹಳ ಹಿಂದಿನ ಮಾತಿದು. ಆಗ ಏರಿಯೂ ಮಣ್ಣಿನದೇ, ಬದುವೂ ಮಣ್ಣಿನದೇ. ಹಳ್ಳದ ಬದಿಯಲ್ಲಿ, ತೋಟದ ಸುತ್ತ, ಚನ್ನರಾಯಪಟ್ಟಣ ಕಡೆಯ ಒಣ ಹೊಲಗಳ ಬೇಲಿಯಲ್ಲಿ ಕಡ್ಡಿ ಊರಿದರೆ ಚಿಗುರುವ ಗಿಡಗಳಿದ್ದವು: ಕಳ್ಳಿ, ಹಾಲುವಾಣ, ಲಕ್ಕಿ.

ಇವುಗಳಲ್ಲಿ ಲಕ್ಕಿಯ ಕಥೆಯೇ ಬೇರೆ. ದಡ ಉಳಿಸಬೇಕೆಂದು ಅದನ್ನು ಯಾರೂ ಸಾಕಲಿಲ್ಲ. ಕಡ್ಡಿ ಬುಟ್ಟಿ ಹೆಣೆಯಲು ಬೇಕಿತ್ತು, ಸೊಪ್ಪು ಕಾಳಿಗೆ ಹುಳ ಬೀಳದಂತೆ ಇಡಲು ಬೇಕಿತ್ತು, ಹೊಗೆ ಸೊಳ್ಳೆ ಓಡಿಸಲು ಬೇಕಿತ್ತು. ದನ ಅಷ್ಟಾಗಿ ಮೇಯುವುದಿಲ್ಲ. ಕೊಯ್ದಷ್ಟೂ ಬುಡದಿಂದ ಹೊಸ ಕವಲು ಒಡೆಯುತ್ತದೆ, ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಬುಟ್ಟಿ ಹೆಣೆಯುವವರು ತಮಗೆ ಗೊತ್ತಿಲ್ಲದೆಯೇ ದಡ ಕಾಯುತ್ತಿದ್ದರು. ಪ್ಲಾಸ್ಟಿಕ್ ಬುಟ್ಟಿ ಬಂತು, ತಂತಿ ಬೇಲಿ ಬಂತು, ಲಕ್ಕಿ ಬರೀ ಪೊದೆಯಾಯಿತು. ಪೊದೆಯನ್ನು ಜೆಸಿಬಿ ಸುಲಭವಾಗಿ ಬಾಚುತ್ತದೆ.

ಇದೇ ಲಕ್ಕಿಗೆ ನೇಪಾಳದಲ್ಲಿ ಸಿಮಲಿ ಎನ್ನುತ್ತಾರೆ. ಅಲ್ಲಿ ಬೆಟ್ಟ ಕಡಿದು ರಸ್ತೆ ಮಾಡಿದ ಮೇಲೆ ಇಳಿಜಾರು ಜಾರತೊಡಗಿದಾಗ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಎಂಜಿನಿಯರುಗಳು ಸಿಮಲಿ ಕಡ್ಡಿಯನ್ನು ಸಾಲುಸಾಲಾಗಿ ಊರಿಸಿದರು. ಅಲ್ಲಿನ ರಸ್ತೆ ಇಲಾಖೆ ಈಗ ಅದನ್ನು ಕ್ರಮಬದ್ಧ ಕೆಲಸವಾಗಿಯೇ ಮಾಡಿಸುತ್ತದೆ.

ಕ್ರಮ ಕಷ್ಟದ್ದೇನಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಹೆಬ್ಬೆರಳು ದಪ್ಪದ, ಒಂದೂವರೆ ಎರಡು ಅಡಿ ಉದ್ದದ ಬಲಿತ ಕಡ್ಡಿ ಕಡಿಯಬೇಕು. ಒಣಗಲು ಬಿಡದೆ, ಬುಡ ಕೆಳಗೆ ಮಾಡಿ, ಮುಕ್ಕಾಲು ಭಾಗ ಮಣ್ಣೊಳಗೆ ಹೋಗುವಂತೆ ಇಳಿಜಾರಿಗೆ ಅಡ್ಡಸಾಲಿನಲ್ಲಿ ಊರಬೇಕು.

ಹೊಳೆ ತಿರುವಿನಲ್ಲಿ ನೀರು ನೇರವಾಗಿ ಬಡಿಯುವಲ್ಲಿ ದಡದ ಬುಡಕ್ಕೆ ಕಲ್ಲು ಬೇಕೇ ಬೇಕು. ಆಳದಿಂದ ಜಾರುವ ಗುಡ್ಡವನ್ನೂ ಲಕ್ಕಿ ನಿಲ್ಲಿಸದು. ಆದರೆ ನಮ್ಮ ಹಳ್ಳ, ಬದು, ಕೆರೆ ಕಾಲುವೆಗಳಲ್ಲಿ ಕೊಚ್ಚಿಹೋಗುವುದು ಹೆಚ್ಚಾಗಿ ಮೇಲಿನ ಮಣ್ಣು. ಮುಂದಿನ ಸಲ ಹೂಳೆತ್ತುವ ಯಂತ್ರ ನಿಮ್ಮೂರಿನ ಹಳ್ಳಕ್ಕೆ ಇಳಿದಾಗ, ದಡದ ಲಕ್ಕಿಯನ್ನು ಬಿಡುವಂತೆ ಒಂದು ಮಾತು ಹೇಳಿ.