ಕಚೇರಿಯ ಜ್ಯೇಷ್ಠತೆ, ಸಾಲದ ಆದ್ಯತೆ: ಕೊರತೆಯ ಕಾಲದ ಎರಡು ಸರತಿಗಳು

ಸರ್ಕಾರಿ ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿ ಹೊರಬಿದ್ದ ದಿನ ಕಡತಗಳು ಮೇಜಿನ ಮೇಲೇ ಉಳಿಯುತ್ತವೆ. ತನ್ನ ಹೆಸರು ಎಷ್ಟನೆಯದು, ಮುಂದಿರುವವರು ಯಾರು, ಅವರ ನಿವೃತ್ತಿ ಯಾವಾಗ ಎಂಬ ಲೆಕ್ಕವೇ ಎಲ್ಲೆಡೆ. ಕಂಪನಿಯೊಂದು ದಿವಾಳಿಯಾದಾಗ ಅದಕ್ಕೆ ಸಾಲ ಕೊಟ್ಟವರ ನಡುವೆಯೂ ಇಂಥದೇ ಲೆಕ್ಕ ನಡೆಯುತ್ತದೆ. ಅಲ್ಲಿ ಬಡ್ತಿಯ ಹುದ್ದೆ, ಇಲ್ಲಿ ಆಸ್ತಿ ಮಾರಿ ಬಂದ ಹಣ. ಎರಡೂ ಕಡೆ ಹಂಚುವುದು ಕಡಿಮೆ, ಹಕ್ಕುದಾರರು ಹೆಚ್ಚು. ಜ್ಯೇಷ್ಠತೆಯನ್ನು ಅನುಭವದ ಅಳತೆಯೆಂದು ತಿಳಿಯುವುದು ವಾಡಿಕೆ. ಆದರೆ ಕೊರತೆ ಬಂದಾಗ ಯಾರಿಗೆ ಮೊದಲು ಸಲ್ಲಬೇಕೆಂದು ಮುಂಚೆಯೇ ಬರೆದಿಟ್ಟ ನಿಯಮವಾಗಿ ನೋಡಿದರೆ ಅದರ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ. ಆ ನಿಯಮವನ್ನು ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಜ್ಯೇಷ್ಠತೆಯ ಬೆಲೆಯನ್ನು ತೀರ್ಮಾನಿಸುತ್ತದೆ ಎಂಬುದು ಈ ಲೇಖನದ ವಾದ.

ಕರ್ನಾಟಕದಲ್ಲಿ ಈ ವಿಷಯದ ಮೂಲ ಚೌಕಟ್ಟು 1957ರ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳು. ಒಂದು ವೃಂದಕ್ಕೆ ಮೊದಲು ಕಾಲಿಟ್ಟವರು ಅಲ್ಲಿ ಹಿರಿಯರು ಎಂಬುದು ಸ್ಥೂಲ ತತ್ವ. ತೊಡಕು ಶುರುವಾದದ್ದು ಬಡ್ತಿ ಮೀಸಲಾತಿಯಲ್ಲಿ. ಇಬ್ಬರು ಪ್ರಥಮ ದರ್ಜೆ ಸಹಾಯಕರಿದ್ದಾರೆ ಎಂದುಕೊಳ್ಳೋಣ. ಸಾಮಾನ್ಯ ವರ್ಗದವರು ಸೇವೆಗೆ ಸೇರಿದ್ದು 1980ರಲ್ಲಿ, ಪರಿಶಿಷ್ಟ ಜಾತಿಯವರು 1984ರಲ್ಲಿ. ಮೀಸಲು ಹುದ್ದೆಗಳ ಸರದಿಯನ್ನು ಸೂಚಿಸುವ ರೋಸ್ಟರ್ ಬಿಂದುವಿನ ಪ್ರಕಾರ ಎರಡನೆಯವರಿಗೆ 1988ರಲ್ಲೇ ಅಧೀಕ್ಷಕ ಹುದ್ದೆ ಸಿಕ್ಕಿತು, ಮೊದಲನೆಯವರಿಗೆ 1992ರಲ್ಲಿ. ಈಗ ಅಧೀಕ್ಷಕರ ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು?

ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿದೆ. 1995ರ ವೀರಪಾಲ್ ಸಿಂಗ್ ಚೌಹಾಣ್ ತೀರ್ಪು, 1999ರ ಅಜಿತ್ ಸಿಂಗ್ ತೀರ್ಪುಗಳ ಪ್ರಕಾರ 1992ರಲ್ಲಿ ಮೇಲೆ ಬಂದವರು ತಮ್ಮ ಹಳೆಯ ಹಿರಿತನವನ್ನು ಮರಳಿ ಪಡೆಯುತ್ತಾರೆ. 2001ರಲ್ಲಿ ಸಂಸತ್ತು ಸಂವಿಧಾನಕ್ಕೆ 85ನೇ ತಿದ್ದುಪಡಿ ತಂದು, ಮೀಸಲಾತಿಯಿಂದ ಬಡ್ತಿ ಪಡೆದವರ ಜ್ಯೇಷ್ಠತೆಯನ್ನು ಕಾಯಲು ಅವಕಾಶ ಕೊಟ್ಟಿತು. ಅದನ್ನು 1995ರ ಜೂನ್ 17ರಿಂದಲೇ ಪೂರ್ವಾನ್ವಯಗೊಳಿಸಿತು. ಇದನ್ನು ಆಧರಿಸಿದ ಕರ್ನಾಟಕದ 2002ರ ಕಾಯ್ದೆಯ ಮುಖ್ಯ ಕಲಮುಗಳನ್ನು 2017ರ ಫೆಬ್ರುವರಿಯಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಪ್ರಾತಿನಿಧ್ಯದ ಕೊರತೆಯನ್ನು ತೋರಿಸುವ ಅಂಕಿಅಂಶಗಳ ಅಧ್ಯಯನ ನಡೆದಿಲ್ಲ ಎಂಬುದು ಕಾರಣ. ಪಟ್ಟಿಗಳ ಪರಿಷ್ಕರಣೆ ನಡೆದು ಅನೇಕರು ಹಿಂಬಡ್ತಿ ಅನುಭವಿಸಿದರು. ಕೆ. ರತ್ನಪ್ರಭಾ ಸಮಿತಿ ಅಂಕಿಅಂಶ ಒದಗಿಸಿತು. ಹೊಸ ಕಾಯ್ದೆಗೆ 2018ರ ಜೂನ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮೇಲಿನ ಉದಾಹರಣೆಯ ಇಬ್ಬರ ಸೇವಾ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗದೆ ಅವರ ಸ್ಥಾನ ಹೀಗೆ ಮತ್ತೆ ಮತ್ತೆ ಅದಲುಬದಲಾಗಬಲ್ಲದು.

ಹಣಕಾಸಿನಲ್ಲಿ ತಾರೀಖಿನ ಮಹಿಮೆ ಅಷ್ಟಿಲ್ಲ. ಒಂದೇ ಮನೆಯನ್ನು ಇಬ್ಬರಿಗೆ ಅಡವಿಟ್ಟರೆ ಮೊದಲ ಅಡಮಾನಕ್ಕೆ ಆದ್ಯತೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 48ನೇ ಕಲಮು ಹೇಳುತ್ತದೆ. ಕಂಪನಿಯ ಸಾಲದಲ್ಲಿ ಮಾತ್ರ ಯಾವಾಗ ಕೊಟ್ಟಿರಿ ಎನ್ನುವುದಕ್ಕಿಂತ ಯಾವ ಕರಾರಿನ ಮೇಲೆ ಕೊಟ್ಟಿರಿ ಎಂಬುದೇ ದೊಡ್ಡದು. 2016ರ ದಿವಾಳಿ ಸಂಹಿತೆಯ 53ನೇ ಕಲಮು ಈ ಸರತಿಯನ್ನು ಬರೆದಿಟ್ಟಿದೆ. ಮೊದಲು ಪ್ರಕ್ರಿಯೆಯ ವೆಚ್ಚ. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನವನ್ನು ಬಿಟ್ಟುಕೊಟ್ಟ ಭದ್ರ ಸಾಲದಾತರು, ಇಬ್ಬರೂ ಸಮಾನವಾಗಿ. ನಂತರ ಇತರ ನೌಕರರ 12 ತಿಂಗಳ ಬಾಕಿ, ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ, ಉಳಿದ ಸಾಲಗಳು. ತುತ್ತತುದಿಯಲ್ಲಿ ಷೇರುದಾರರು.

ಹಿಂದೆ ನಿಲ್ಲುವುದಕ್ಕೂ ಇಲ್ಲಿ ಬೆಲೆಯಿದೆ. ಯೆಸ್ ಬ್ಯಾಂಕ್ 2016ರಲ್ಲಿ ಶೇ 9.5ರ, 2017ರಲ್ಲಿ ಶೇ 9ರ ಬಡ್ಡಿಗೆ ಎಟಿ-1 ಬಾಂಡ್‌ಗಳನ್ನು ಮಾರಿತು. ಬ್ಯಾಂಕು ಮುಗ್ಗರಿಸಿದರೆ ಠೇವಣಿದಾರರೂ ಇತರ ಸಾಲದಾತರೂ ಮೊದಲು, ತಾವು ಆಮೇಲೆ ಎಂದು ಒಪ್ಪಿದ್ದಕ್ಕೆ ಸಿಕ್ಕ ಹೆಚ್ಚುವರಿ ಬಡ್ಡಿ ಅದರಲ್ಲಿ ಸೇರಿತ್ತು. 2020ರ ಮಾರ್ಚ್‌ನಲ್ಲಿ ಬ್ಯಾಂಕಿನ ಪುನರ್‌ರಚನೆಯಾದಾಗ 8,415 ಕೋಟಿ ರೂಪಾಯಿಯ ಈ ಬಾಂಡ್‌ಗಳನ್ನು ಸೊನ್ನೆಗಿಳಿಸಲಾಯಿತು. ಸರತಿಯಲ್ಲಿ ಬಾಂಡ್ ಕೊಂಡವರ ಹಿಂದಿರಬೇಕಾದ ಷೇರುದಾರರ ಷೇರುಗಳು ಉಳಿದವು. ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ಈ ಕ್ರಮವನ್ನು ರದ್ದುಪಡಿಸಿತು; ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಂಥದೇ ಇನ್ನೊಂದು ಪ್ರಕರಣ ಎದ್ದಿತು. ಕ್ರೆಡಿಟ್ ಸ್ವೀಸ್ ಬ್ಯಾಂಕನ್ನು ಯುಬಿಎಸ್ ಕೊಂಡಾಗ ಸುಮಾರು 1,600 ಕೋಟಿ ಫ್ರಾಂಕ್‌ನ ಎಟಿ-1 ಬಾಂಡ್‌ಗಳು ಅಳಿದವು, ಷೇರುದಾರರಿಗೆ ಸುಮಾರು 300 ಕೋಟಿ ಫ್ರಾಂಕ್ ಮೌಲ್ಯ ದಕ್ಕಿತು.

ಕಚೇರಿಯಲ್ಲಿ ಕಿರಿಯನಿಗೆ ಇಂಥ ಪರಿಹಾರವಿಲ್ಲ. ಕೊನೆಗೆ ಬಂದವರನ್ನು ಮೊದಲು ಕಳಿಸಬೇಕೆಂಬ ಸಾಮಾನ್ಯ ಪದ್ಧತಿಯನ್ನು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಜಿ ಕಲಮು ಹಾಕಿಕೊಟ್ಟಿತು. ಸಂಬಳ ಕಡಿಮೆ, ಅಪಾಯ ಹೆಚ್ಚು. ಬಾಂಡ್ ಕೊಂಡವನಂತೆ ಹೊಸ ನೌಕರ ತನ್ನ ಸ್ಥಾನದ ಅಪಾಯಕ್ಕೆ ಬೆಲೆ ಕೇಳಲಾರ; ನಾಳೆ ತಾನೂ ಹಿರಿಯನಾಗುತ್ತೇನೆಂಬ ನಿರೀಕ್ಷೆಯೇ ಅವನಿಗಿರುವ ಬಡ್ಡಿ. ನಿಯಮ ನಡುವೆ ಬದಲಾದಾಗ ಏಳುವ ಸಿಟ್ಟಿನ ಮೂಲ ಇಲ್ಲಿದೆ: ಆ ನಿರೀಕ್ಷೆಗಾಗಿ ಅವನು ಅಷ್ಟು ವರ್ಷ ಕಡಿಮೆ ಸಂಬಳದ ರೂಪದಲ್ಲಿ ಕಂತು ಕಟ್ಟಿದ್ದಾನೆ.

ಕಾರ್ಖಾನೆ ದಿವಾಳಿಯಾದಾಗ ಎರಡು ಸರತಿಗಳೂ ಒಬ್ಬನೇ ಕಾರ್ಮಿಕನ ಮೇಲೆ ಬಂದು ನಿಲ್ಲುತ್ತವೆ. ಸಂಬಳದ ಬಾಕಿಯ ಮಟ್ಟಿಗೆ 20 ವರ್ಷ ದುಡಿದವನೂ 3 ವರ್ಷ ದುಡಿದವನೂ 53ನೇ ಕಲಮಿನಲ್ಲಿ ಒಂದೇ ಸಾಲಿನವರು. ಸೇವಾ ಹಿರಿತನಕ್ಕೆ ಅಲ್ಲಿ ಮಣೆಯಿಲ್ಲ. ಅದು ಲೆಕ್ಕಕ್ಕೆ ಬರುವುದು ಗ್ರಾಚ್ಯುಟಿಯಲ್ಲಿ. ಕೊನೆಯ ತಿಂಗಳ ವೇತನ 26,000 ರೂಪಾಯಿ ಇದ್ದವನಿಗೆ 1972ರ ಕಾಯ್ದೆ ತಂದ ಸೂತ್ರದಂತೆ ವರ್ಷಕ್ಕೆ 15 ದಿನದ ವೇತನ, ಅಂದರೆ 15,000 ರೂಪಾಯಿ. 20 ವರ್ಷಕ್ಕೆ 3 ಲಕ್ಷ. ಐದು ವರ್ಷ ತುಂಬದ ಕಿರಿಯನಿಗೆ ಸಾಮಾನ್ಯವಾಗಿ ಏನೂ ಇಲ್ಲ. ಭವಿಷ್ಯನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಗಳ ಹಣ ಸಾಲದಾತರಿಗೆ ಹಂಚುವ ಆಸ್ತಿಗೆ ಸೇರುವುದಿಲ್ಲವೆಂದು ದಿವಾಳಿ ಸಂಹಿತೆಯ 36ನೇ ಕಲಮು ಹೇಳುತ್ತದೆ. ಕಂಪನಿ ನಿಧಿಯನ್ನೇ ಕಟ್ಟಿರದಿದ್ದರೆ ಈ 3 ಲಕ್ಷ ಸರತಿಯ ಹೊರಗೋ ಒಳಗೋ ಎಂಬ ವಾದ ದಿವಾಳಿ ನ್ಯಾಯಮಂಡಳಿಗಳ ಮುಂದೆ ಪದೇ ಪದೇ ಬಂದಿದೆ. ಬ್ಯಾಂಕುಗಳ ವಕೀಲರು ಒಳಗೆ ಎನ್ನುತ್ತಾರೆ, ಕಾರ್ಮಿಕರ ವಕೀಲರು ಹೊರಗೆ ಎನ್ನುತ್ತಾರೆ.