ಕ್ರೀತಾನುಶಯ: ಗೋವಿನ ಮಾರಾಟದಲ್ಲಿ ಮಾತು ಮತ್ತು ಮೌನ

ಕೊಂಡವನು ಕೊಂಡ ಮೇಲೆ ಪಡುವ ಪಶ್ಚಾತ್ತಾಪಕ್ಕೆ ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು 'ಕ್ರೀತಾನುಶಯ' ಎಂಬ ಹೆಸರನ್ನಿಟ್ಟು, ಅದನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಒಂದೆಂದು ಎಣಿಸಿದರು. ಅನುಶಯವೆಂದರೆ ಪಶ್ಚಾತ್ತಾಪ. ನ್ಯಾಯಾಲಯದ ಮುಂದೆ ಬರುವ ಒಂದು ವಿವಾದಕ್ಕೆ ಮನಸ್ಸಿನ ಅವಸ್ಥೆಯೊಂದರ ಹೆಸರನ್ನು ಕೊಟ್ಟಿರುವುದು ಗಮನಾರ್ಹವಾಗಿದೆ. ಈ ಅನುಶಯಕ್ಕೆ ಗೋವಿನಷ್ಟು ಆಸ್ಪದ ಕೊಡುವ ಕ್ರಯವಸ್ತು ಮತ್ತೊಂದಿರಲಾರದು. ಬಟ್ಟೆಯನ್ನು ಬಿಡಿಸಿ ನೋಡಬಹುದು, ಲೋಹವನ್ನು ಒರೆಗೆ ಹಚ್ಚಬಹುದು. ಆದರೆ ತಳಿಗಾಗಿ ಕೊಳ್ಳುವ ಹಸುವಿನ ಅಥವಾ ಹೋರಿಯ ನಿಜವಾದ ಗುಣವು ಅದರ ಸಂತಾನದಲ್ಲಿ ಮಾತ್ರ ಪ್ರಕಟವಾಗತಕ್ಕದ್ದು.

ಕರ್ನಾಟಕದ ದನಗಳ ಜಾತ್ರೆಗಳಲ್ಲಿ ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ಕ್ರಮದಲ್ಲಿ ವಯಸ್ಸು ತಿಳಿಯುತ್ತದೆ. ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಬಳಿಕ ದಲ್ಲಾಳಿಯು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಕುದುರಿಸುತ್ತಾನೆ. ಈ ಪರೀಕ್ಷೆಗಳೆಲ್ಲ ಕಣ್ಣಿಗೆ ಕಾಣುವುದನ್ನು ಮಾತ್ರ ಮುಟ್ಟುತ್ತವೆ. ಹಸು ಬೆದೆಗೆ ಬರುವುದೋ ಇಲ್ಲವೋ, ಕಳೆದ ಸಲ ಕಂದು ಹಾಕಿತ್ತೋ, ಹೋರಿ ಹಾರಿಸಿದ ಹಸುಗಳು ಗಬ್ಬವಾದವೋ ಇಲ್ಲವೋ ಎಂಬುದನ್ನು ಮಾರುವವನೊಬ್ಬನೇ ಬಲ್ಲನು. ಹಿಂದಿನಿಂದಲೂ ನಡೆದು ಬಂದ ವಂಚನೆಗಳೆಲ್ಲ ಈ ತಿಳಿವಿನ ಅಂತರದಲ್ಲಿಯೇ ಹುಟ್ಟಿದವು. ಸೂಲಿನ ಲೆಕ್ಕ ಹೇಳುವ ಕೊಂಬಿನ ಬಳೆಗಳನ್ನು ಹೆರೆದು ಅಳಿಸುವುದು, ಬೇರೆ ಹಸುವಿನ ಎಳಗರುವನ್ನು ತಂದು ಪಕ್ಕದಲ್ಲಿ ಕಟ್ಟುವುದು, ಹಾಲು ಕರೆಯದೆ ಬಿಟ್ಟು ಕೆಚ್ಚಲನ್ನು ತುಂಬಿಸಿ ನಿಲ್ಲಿಸುವುದು, ಇವೆಲ್ಲ ಅಂತಹ ವಂಚನೆಗಳೇ.

ಈ ಸಮಸ್ಯೆಗೆ ಪ್ರಾಚೀನ ಭಾರತವು ಕಂಡುಕೊಂಡ ಪರಿಹಾರವು ಕಾಲಾವಧಿ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕ್ರಯವಿಕ್ರಯದ ಅನುಶಯಕ್ಕೆಂದೇ ಒಂದು ಅಧ್ಯಾಯವಿದೆ. ರೋಗವುಳ್ಳ ಪ್ರಾಣಿಯನ್ನು ಆರೋಗ್ಯವುಳ್ಳದ್ದೆಂದು ಹೇಳಿ ಮಾರಿದವನಿಗೆ ಹನ್ನೆರಡು ಪಣಗಳ ದಂಡವನ್ನು ಅದು ವಿಧಿಸುತ್ತದೆ. ಚತುಷ್ಪದಗಳನ್ನು ಮೂರು ಪಕ್ಷಗಳೊಳಗೆ, ಎಂದರೆ ನಲವತ್ತೈದು ದಿನಗಳೊಳಗೆ, ಹಿಂದಿರುಗಿಸಬಹುದೆಂದು ಹೇಳಿ, ಅದಕ್ಕೆ ಕಾರಣವನ್ನೂ ಕೊಡುತ್ತದೆ: ಪ್ರಾಣಿಯ ಗುಣದೋಷಗಳನ್ನು ಅರಿಯಲು ಅಷ್ಟು ಕಾಲ ಸಾಕು. ಕಾನೂನಿನ ಅವಧಿಯು ರಾಜನ ಇಚ್ಛೆಯಿಂದಲ್ಲ, ದೋಷವು ಹೊರಬೀಳಲು ಬೇಕಾದ ಕಾಲದಿಂದ ನಿರ್ಣಯವಾಗಬೇಕೆಂಬ ವಿವೇಕವು ಇಲ್ಲಿದೆ.

ಯಾಜ್ಞವಲ್ಕ್ಯ ಮತ್ತು ನಾರದ ಸ್ಮೃತಿಗಳು ಈ ತತ್ತ್ವವನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದವು. ಕಬ್ಬಿಣಕ್ಕೆ ಒಂದು ದಿನ, ಕರೆಯುವ ಪಶುವಿಗೆ ಮೂರು ದಿನ, ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬಿತ್ತನೆಯ ಬೀಜಕ್ಕೆ ಹತ್ತು ದಿನ ಎಂದು ಪರೀಕ್ಷೆಯ ಕಾಲವನ್ನು ಗೊತ್ತುಪಡಿಸಿದವು. ಕರೆಯುವ ಪಶುವಿಗೆ ಮೂರೇ ದಿನ ಏಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಕರೆಯದೆ ತುಂಬಿಸಿದ ಕೆಚ್ಚಲಿನ ಮೋಸವು ನಾಲ್ಕಾರು ಹೊತ್ತು ಕರೆಯುವಷ್ಟರಲ್ಲಿ ಬಯಲಾಗಿಬಿಡುತ್ತದೆ. ಈ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ದಾಯಭಾಗದ ವಿಚಾರಕ್ಕಾಗಿಯೇ ಹೆಚ್ಚಾಗಿ ಸ್ಮರಿಸಲ್ಪಡುವ ಆ ಗ್ರಂಥವು ದನ ಕೊಂಡವನ ಅನುಶಯವನ್ನೂ ವಿಚಾರಿಸಿದೆಯೆಂಬುದನ್ನು ನೆನೆಯುವವರು ವಿರಳ. ಕನ್ನಡದ 'ಸಂಚಕಾರ' ಎಂಬ ಮಾತೂ ಈ ಪರಂಪರೆಯದೇ. ಬೆಲೆಯ ಖಾತರಿಗೆ ಮುಂಗಡವಾಗಿ ಕೊಡುವ ಹಣಕ್ಕೆ ಸ್ಮೃತಿಗಳು 'ಸತ್ಯಂಕಾರ' ಎನ್ನುತ್ತವೆ. ಜಾತ್ರೆಯಲ್ಲಿ ಸಂಚಕಾರ ಕೊಡುವವನು ಹೆಸರಿನಿಂದಲೇ ಸತ್ಯವನ್ನು ಮಾಡಿಕೊಡುತ್ತಿದ್ದಾನೆ.

ಅವಧಿಯ ಜೊತೆಗೆ ದಂಡನೆಯೂ ಇತ್ತು. ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಟ್ಟವನು ಕೊಂಡವನಿಗೆ ಬೆಲೆಯ ಇಮ್ಮಡಿಯನ್ನೂ, ಅರಸನಿಗೆ ಅಷ್ಟನ್ನೇ ದಂಡವನ್ನೂ ತೆರಬೇಕೆಂದು ನಾರದನು ವಿಧಿಸುತ್ತಾನೆ. ಆದರೆ ಕೊಳ್ಳುವವನಿಗೂ ಕರ್ತವ್ಯವುಂಟು. ಅವನು ಮೊದಲೇ ಚೆನ್ನಾಗಿ ಪರೀಕ್ಷಿಸಿ ಕೊಳ್ಳಬೇಕು. ಪರೀಕ್ಷಿಸಿ, ಒಪ್ಪಿ, ಕೊಂಡ ಮೇಲೆ ಮನಸ್ಸು ಬದಲಾಯಿತೆಂದು ಮಾರಿದವನ ಮೇಲೆ ದೋಷ ಹೊರಿಸುವಂತಿಲ್ಲ. ಕೊಂಡದ್ದು ಹಿಡಿಸಲಿಲ್ಲವೆಂದು ಎರಡನೆಯ ದಿನ ಹಿಂದಿರುಗಿಸುವವನು ಬೆಲೆಯ ಮೂವತ್ತರಲ್ಲೊಂದು ಪಾಲನ್ನು, ಮೂರನೆಯ ದಿನವಾದರೆ ಅದರ ಇಮ್ಮಡಿಯನ್ನು ಬಿಟ್ಟುಕೊಡಬೇಕು. ಮೋಸಹೋದವನ ಅನುಶಯವೇ ಬೇರೆ, ಚಂಚಲನ ಅನುಶಯವೇ ಬೇರೆ ಎಂಬ ಭೇದವನ್ನು ಸ್ಮೃತಿಕಾರರು ಹೀಗೆ ಕಾಪಾಡಿದರು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಹಸುವಿನ ಗರ್ಭಾವಧಿಯು ಸುಮಾರು 280 ದಿನಗಳು. ಹೋರಿಯ ಬೀಜಶಕ್ತಿಯನ್ನು ಅರಿಯಬೇಕಾದರೆ ಅದು ಹಾರಿದ ಹಸುಗಳು ಮತ್ತೆ ಬೆದೆಗೆ ಬರುವುವೋ ಎಂದು ವಾರಗಟ್ಟಲೆ ಕಾಯಬೇಕು. ಕರುಗಳ ಗುಣ ತಿಳಿಯಬೇಕಾದರೆ ವರ್ಷಗಳೇ ಕಳೆಯಬೇಕು. ಮೂರು, ಐದು, ನಲವತ್ತೈದು ದಿನಗಳ ಯಾವ ಬಲೆಗೂ ತಳಿಯ ಪಶುವಿನ ದೋಷವು ಸಿಕ್ಕಿಬೀಳುವುದಿಲ್ಲ. ಅವಧಿಯು ಎಲ್ಲಿ ಸೋಲುವುದೋ ಅಲ್ಲಿ ಮಾರುವವನ ಮಾತೊಂದೇ ಆಧಾರವಾಗುತ್ತದೆ.

ಮಾತಿನ ಮೇಲೆಯೇ ಕಾನೂನನ್ನು ಕಟ್ಟಿದವರು ಪ್ರಾಚೀನ ರೋಮನರು. ಅಲ್ಲಿ ಪೇಟೆಯ ಮೇಲ್ವಿಚಾರಣೆಗೆ ನಿಯುಕ್ತರಾಗಿದ್ದ ಈಡೈಲ್ ಎಂಬ ಅಧಿಕಾರಿಗಳು ಹೊರಡಿಸಿದ ಶಾಸನವು, ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಿಂದ ಸಿದ್ಧವಾದ 'ಡೈಜೆಸ್ಟ್' ಎಂಬ ನ್ಯಾಯಸಂಗ್ರಹದಲ್ಲಿ ಉಳಿದು ಬಂದಿದೆ. ಪ್ರಾಣಿಯನ್ನು ಮಾರುವವನು ಅದರ ರೋಗವನ್ನೂ ದೋಷವನ್ನೂ ಬಹಿರಂಗವಾಗಿ ತಿಳಿಸಲೇಬೇಕು. ತಿಳಿಸದಿದ್ದರೆ ಕೊಂಡವನು ಆರು ತಿಂಗಳೊಳಗೆ ಪ್ರಾಣಿಯನ್ನು ಹಿಂದಿರುಗಿಸಬಹುದು, ಅಥವಾ ಒಂದು ವರ್ಷದೊಳಗೆ ಬೆಲೆಯ ವ್ಯತ್ಯಾಸವನ್ನು ಕೇಳಬಹುದು. ಮಾರಾಟಕ್ಕಾಗಿ ಶೃಂಗರಿಸಿ ನಿಲ್ಲಿಸಿದ ಪ್ರಾಣಿಯನ್ನು ಆ ಶೃಂಗಾರದೊಡನೆಯೇ ಒಪ್ಪಿಸಬೇಕು. ಎತ್ತು ದನಗಳಿಗೂ ಈ ನಿಯಮವು ಅನ್ವಯಿಸಿತು. ಕ್ರಿ.ಪೂ. 37ರಲ್ಲಿ ಕೃಷಿಯ ಮೇಲೆ ಗ್ರಂಥ ಬರೆದ ವರ್ರೋ ಎಂಬ ರೋಮನ್ ವಿದ್ವಾಂಸನು, ಪಳಗಿಸದ ಎಳೆಯ ದನಗಳನ್ನು ಕೊಳ್ಳುವಾಗ ಅವು ಆರೋಗ್ಯವಾಗಿರುವುದಷ್ಟೇ ಅಲ್ಲದೆ, ಆರೋಗ್ಯವುಳ್ಳ ಹಿಂಡಿನಿಂದ ಬಂದವೆಂಬ ವಚನವನ್ನೂ ಮಾರುವವನಿಂದ ಪಡೆಯುತ್ತಿದ್ದರೆಂದು ತಿಳಿಸುತ್ತಾನೆ. ತಳಿಗೆ ಕೊಳ್ಳುವವನು ಒಂದು ಪಶುವನ್ನಲ್ಲ, ಒಂದು ವಂಶವನ್ನು ಕೊಳ್ಳುತ್ತಾನೆಂಬ ತಿಳಿವಳಿಕೆ ಇದರಲ್ಲಿದೆ.

ಇದಕ್ಕೆ ವಿರುದ್ಧವಾದ ದಾರಿಯನ್ನು ಇಂಗ್ಲೆಂಡಿನ ನ್ಯಾಯಪದ್ಧತಿಯು ಹಿಡಿಯಿತು. ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು ಅದರ ಮೂಲಸೂತ್ರ. 1878ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠವಾದ ಪ್ರಭುಗಳ ಸಭೆಯ ಮುಂದೆ ಬಂದ ಒಂದು ವ್ಯಾಜ್ಯವು ಇದಕ್ಕೆ ನಿದರ್ಶನ. ನ್ಯೂಬರಿ ಎಂಬ ಊರಿನ ಸಂತೆಯಲ್ಲಿ ಸಾಂಕ್ರಾಮಿಕ ರೋಗ ತಗಲಿದ ಹಂದಿಗಳನ್ನು 'ಸಕಲ ದೋಷಸಹಿತ' ಎಂಬ ಕರಾರಿನ ಮೇಲೆ ಮಾರಲಾಗಿತ್ತು. ಅವುಗಳಿಂದ ಕೊಂಡವನ ಇತರ ಹಂದಿಗಳಿಗೂ ರೋಗ ಹರಡಿತು. ರೋಗಿಷ್ಠ ಪ್ರಾಣಿಗಳನ್ನು ಸಂತೆಗೆ ಕಳುಹಿಸುವುದು ಬೇರೊಂದು ಕಾಯಿದೆಯಂತೆ ಅಪರಾಧವಾಗಿದ್ದರೂ, ಕೇವಲ ಸಂತೆಗೆ ತಂದ ಮಾತ್ರಕ್ಕೆ ಅವು ಆರೋಗ್ಯವಾಗಿವೆಯೆಂದು ಮಾರಿದವನು ಹೇಳಿದಂತಾಗುವುದಿಲ್ಲವೆಂದು ತೀರ್ಪಾಯಿತು. ಕೊಂಡವನಿಗೆ ಪರಿಹಾರ ದೊರೆಯಲಿಲ್ಲ. ಅದೇ ದೇಶದಲ್ಲಿಯೇ 1822ರಲ್ಲಿ ಜಾರ್ಜ್ ಕೋಟ್ಸ್ ಎಂಬಾತನು ಶಾರ್ಟ್‌ಹಾರ್ನ್ ತಳಿಯ ದನಗಳ ವಂಶಾವಳಿಯ ಪುಸ್ತಕವನ್ನು ಪ್ರಕಟಿಸಿದ್ದನು. ಅಂತಹ ಪುಸ್ತಕಗಳಿಂದ ಹೋರಿಯ ತಂದೆತಾಯಿಗಳ ವಿಷಯದಲ್ಲಿ ಮಾರುವವನ ಬಾಯಿಮಾತನ್ನೇ ನಂಬಬೇಕಾದ ಸ್ಥಿತಿ ತಪ್ಪಿತು. ಆದರೆ ಬರೆಹವೂ ಮನುಷ್ಯನ ಕೈಯಿಂದಲೇ ಆಗತಕ್ಕದ್ದು. ಸುಳ್ಳು ಲೆಕ್ಕ ಬರೆಯುವವನ ಮುಂದೆ ಪುಸ್ತಕವೂ ನಿರುಪಾಯ.

ಇಂಗ್ಲಿಷರ ಆಳ್ವಿಕೆಯೊಡನೆ ಆ ಸೂತ್ರವು ಭಾರತಕ್ಕೂ ಬಂದಿತು. ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಪ್ರಕರಣವು ವಂಚನೆಯ ಲಕ್ಷಣವನ್ನು ಹೇಳಿ, ಕುದುರೆಯ ಮಾರಾಟದ ಉದಾಹರಣೆಗಳಿಂದ ಅದನ್ನು ವಿಶದಪಡಿಸುತ್ತದೆ. ಹರಾಜಿನಲ್ಲಿ ಕುದುರೆಯ ದೋಷವನ್ನು ಬಲ್ಲವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾಗಿದ್ದರೆ ಹೇಳುವುದು ಕರ್ತವ್ಯ. 'ನೀನು ಅಲ್ಲಗಳೆಯದಿದ್ದರೆ ಕುದುರೆ ನಿರ್ದೋಷವೆಂದು ತಿಳಿಯುತ್ತೇನೆ' ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮ. ಇದರಿಂದ ಕೊಳ್ಳುವವನು ಕಲಿಯಬೇಕಾದ ಪಾಠವು ಸ್ಪಷ್ಟವಾಗಿದೆ: ಕೇಳಬೇಕು, ಸಾಕ್ಷಿಗಳ ಮುಂದೆ ಕೇಳಬೇಕು. 1930ರ ಸರಕು ಮಾರಾಟ ಕಾಯಿದೆಯ 16ನೆಯ ಪ್ರಕರಣವೂ, ಅಂತಹ ಸರಕಿನ ವ್ಯಾಪಾರಿಗೆ ತನ್ನ ಉದ್ದೇಶವನ್ನು ತಿಳಿಸಿ, ಅವನ ಪರಿಣತಿಯನ್ನು ನಂಬಿ ಕೊಂಡವನಿಗೆ ರಕ್ಷಣೆ ಕೊಡುತ್ತದೆ. 'ತಳಿಗಾಗಿ ಕೊಳ್ಳುತ್ತಿದ್ದೇನೆ' ಎಂಬ ಒಂದು ವಾಕ್ಯವು ಬರೆಹದಲ್ಲಿದ್ದರೆ ಮುಂದಿನ ವಿವಾದದ ಅರ್ಧ ಭಾರ ಇಳಿಯುತ್ತದೆ.

ಕಾನೂನು ಮಗಳಿಗೆ ಮಾತ್ರ ಹೇಳೆಂದು ವಿಧಿಸಿದ ಸತ್ಯವನ್ನು ಶ್ರಾವಕಾಚಾರವು ಎಲ್ಲರಿಗೂ ಹೇಳೆನ್ನುತ್ತದೆ. ವಿಜ್ಞಾನೇಶ್ವರನ ಕಾಲಕ್ಕೆ ಸಮೀಪದಲ್ಲಿಯೇ, ಗುಜರಾತಿನಲ್ಲಿ ಕುಮಾರಪಾಲ ಅರಸನಿಗಾಗಿ 'ಯೋಗಶಾಸ್ತ್ರ'ವನ್ನು ರಚಿಸಿದ ಹೇಮಚಂದ್ರಾಚಾರ್ಯರು ಗೃಹಸ್ಥನು ತ್ಯಜಿಸಬೇಕಾದ ಐದು ಸ್ಥೂಲ ಅಸತ್ಯಗಳನ್ನು ಎಣಿಸಿದ್ದಾರೆ. ಕನ್ಯೆಯ ವಿಷಯದ ಸುಳ್ಳು, ಗೋವಿನ ವಿಷಯದ ಸುಳ್ಳು, ಭೂಮಿಯ ವಿಷಯದ ಸುಳ್ಳು, ಇಟ್ಟ ನ್ಯಾಸದ ಅಪಹರಣ ಮತ್ತು ಕೂಟಸಾಕ್ಷ್ಯ ಇವೇ ಆ ಐದು. ಎರಡನೆಯದಕ್ಕೆ 'ಗವಾಲೀಕ'ವೆಂದು ಹೆಸರು. ಕಡಿಮೆ ಹಾಲಿನ ಹಸುವನ್ನು ಹೆಚ್ಚು ಹಾಲಿನದೆಂದು ಹೇಳುವುದು ಗವಾಲೀಕ. ಹೆಚ್ಚು ಹಾಲಿನದನ್ನು ಕಡಿಮೆ ಹಾಲಿನದೆಂದು ಹೇಳುವುದೂ ಗವಾಲೀಕವೇ. ಗೋವೆಂಬ ಮಾತು ಇಲ್ಲಿ ಎಲ್ಲ ಚತುಷ್ಪದಗಳಿಗೂ ಸಲ್ಲುತ್ತದೆ.

ಈ ವಿವರಣೆಯ ಉತ್ತರಾರ್ಧವು ವಿಶೇಷ ಮನನಕ್ಕೆ ಯೋಗ್ಯವಾಗಿದೆ. ಇದ್ದ ಗುಣವನ್ನು ಇಲ್ಲವೆನ್ನುವವನು ಸಾಮಾನ್ಯವಾಗಿ ಕೊಳ್ಳುವವನು. ಬೆಲೆ ಇಳಿಸಲೆಂದು ಒಳ್ಳೆಯ ಪಶುವಿಗೆ ಇಲ್ಲದ ಸುಳಿದೋಷವನ್ನು ಆರೋಪಿಸುವುದು ಜಾತ್ರೆಯ ಜಾಣತನವೆಂದು ಗಣಿಸಲ್ಪಟ್ಟರೂ ಧರ್ಮದ ದೃಷ್ಟಿಯಲ್ಲಿ ಅದೂ ಅಸತ್ಯ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಸ್ಥೂಲವಾದ ಸುಳ್ಳನ್ನು ತಾನು ನುಡಿಯದಿರುವುದಲ್ಲದೆ ಪರರಿಂದ ನುಡಿಸದಿರುವುದನ್ನೂ ಸತ್ಯಾಣುವ್ರತದಲ್ಲಿ ಸೇರಿಸಿದೆ. ದಲ್ಲಾಳಿಯ ನಾಲಗೆಯ ಹಿಂದೆ ಅಡಗಿಕೊಳ್ಳುವವನಿಗೆ ಇಲ್ಲಿ ಆಶ್ರಯವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸುಳ್ಳು ಬರೆಹವನ್ನು 'ಕೂಟಲೇಖಕ್ರಿಯೆ'ಯೆಂದು ಸತ್ಯವ್ರತದ ಅತಿಚಾರಗಳಲ್ಲಿಯೂ, ಒಂದನ್ನು ತೋರಿಸಿ ಅದರಂತಿರುವ ಮತ್ತೊಂದನ್ನು ಕೊಡುವುದನ್ನು 'ಪ್ರತಿರೂಪಕವ್ಯವಹಾರ'ವೆಂದು ಅಚೌರ್ಯವ್ರತದ ಅತಿಚಾರಗಳಲ್ಲಿಯೂ ಎಣಿಸುತ್ತದೆ. ಹೇಮಚಂದ್ರರಂತೂ ಪ್ರಾಣಿಗಳ ವ್ಯಾಪಾರವನ್ನೇ ಕೇಶವಾಣಿಜ್ಯವೆಂದು ವರ್ಜಿಸಿದರು. ಆದರೂ ಒಕ್ಕಲುತನವನ್ನು ನಂಬಿದ ಗೃಹಸ್ಥನು ಹಸುವನ್ನು ಕೊಳ್ಳದೆ ಕೊಡದೆ ಇರಲಾರನು. ಅವನಿಗಾಗಿಯೇ ಗವಾಲೀಕದ ಎಚ್ಚರಿಕೆ.

ಇಂದು ಪರೀಕ್ಷೆಯ ಸಾಧನಗಳು ಹೆಚ್ಚಿವೆ. ಹಸು ಗಬ್ಬವಾಗಿದೆಯೇ ಎಂಬುದನ್ನು ಪಶುವೈದ್ಯರು ಎರಡು ಮೂರು ತಿಂಗಳಲ್ಲಿಯೇ ಹೇಳಬಲ್ಲರು. ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗವನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. 2019ರಿಂದ ಹೆಣ್ಣುಗರುಗಳಿಗೆ ಇದರ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಪಶುವಿನ ಕಿವಿಯ ಓಲೆಯಲ್ಲಿ ಹನ್ನೆರಡು ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಸಂಖ್ಯೆಯನ್ನು ಬರೆದುಕೊಂಡು, ವೈದ್ಯರ ಪತ್ರವನ್ನು ಪಡೆದು, ತಂದ ಪಶುವನ್ನು ಕೆಲವು ವಾರ ಬೇರೆ ಕಟ್ಟಿ ನೋಡುವುದು ವಿವೇಕ. ದೋಷ ಕಂಡೊಡನೆ, ದಿನಗಳೆಯದೆ, ಮಾರಿದವನಿಗೆ ಬರೆಹದಲ್ಲಿ ತಿಳಿಸಬೇಕು. ತಡಮಾಡಿದಷ್ಟೂ ದೋಷವು ಯಾರ ಮನೆಯಲ್ಲಿ ಹುಟ್ಟಿತೆಂಬುದು ಮಸುಕಾಗುತ್ತದೆ. ಇಬ್ಬರೂ ಒಪ್ಪುವ ವೈದ್ಯರಿಂದ ಪರೀಕ್ಷೆ ಮಾಡಿಸಿ, ಹಿರಿಯರ ಮುಂದೆ ಪಶುವನ್ನು ಹಿಂದಿರುಗಿಸುವುದನ್ನೋ ಬೆಲೆ ಇಳಿಸುವುದನ್ನೋ ಕೇಳುವುದು ಮೊದಲ ಮಾರ್ಗ. ನ್ಯಾಯಾಲಯವು ಕೊನೆಯದು.

ಆದರೆ ಮೋಸಹೋದವನ ಮುಂದೆ ಮೂರನೆಯ ದಾರಿಯೊಂದು ಸದಾ ತೆರೆದಿರುತ್ತದೆ. ಗೊಡ್ಡು ಹಸುವನ್ನು ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಿ, ತಾನು ಕೇಳಿದ ಸುಳ್ಳನ್ನೇ ಮತ್ತೊಬ್ಬನಿಗೆ ಹೇಳುವುದೇ ಆ ದಾರಿ. ನಷ್ಟವು ಕೈಬದಲಾಗುತ್ತದೆ, ಅಳಿಯುವುದಿಲ್ಲ. ರೋಗವಿದ್ದರೆ ಊರಿಂದೂರಿಗೆ ಹರಡುತ್ತದೆ. ನಷ್ಟವನ್ನು ತಾನೇ ನುಂಗಿ ಸುಳ್ಳನ್ನು ತನ್ನ ಹಟ್ಟಿಯಲ್ಲಿಯೇ ನಿಲ್ಲಿಸುವವನು ಯಾವ ತೀರ್ಪೂ ಮಾಡಲಾರದ ಕೆಲಸವನ್ನು ಮಾಡುತ್ತಾನೆ.

ಸ್ಮೃತಿಗಳೂ ಕಾಯಿದೆಗಳೂ ಕೊಂಡವನನ್ನು ಮತ್ತು ಮಾರಿದವನನ್ನು ಮಾತ್ರ ಕಕ್ಷಿಗಳೆಂದು ಎಣಿಸಿದವು. ವಿವಾದದ ನಡುವೆ ನಿಂತ ಪಶುವಿಗೆ ಅಲ್ಲಿ ಸ್ಥಾನವಿಲ್ಲ. ಕೆಚ್ಚಲು ಬಿರಿಯುವಂತೆ ಹಾಲು ತುಂಬಿಸಿ ನಿಲ್ಲಿಸಿದಾಗ ಮೊದಲು ನೋಯುವುದು ಹಸು. ತಾಯಿಯನ್ನಗಲಿ ಅನ್ಯ ಹಸುವಿನ ಬಳಿ ಕಟ್ಟಲ್ಪಟ್ಟಾಗ ಹಸಿಯುವುದು ಕರು. ಅನ್ನಪಾನನಿರೋಧವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ ಆಚಾರ್ಯರಿಗೆ ಈ ಸಂಬಂಧವು ಅಪರಿಚಿತವಾಗಿರಲಿಲ್ಲ. ಗೋವಿನ ವಿಷಯದ ಸುಳ್ಳು ಮನುಷ್ಯನ ಕಿವಿಯನ್ನು ಮುಟ್ಟುವ ಮೊದಲೇ ಮೂಕಪ್ರಾಣಿಯ ಮೈಯನ್ನು ಮುಟ್ಟಿರುತ್ತದೆ. ಆದುದರಿಂದಲೇ ಇಲ್ಲಿ ಸತ್ಯವ್ರತ ಮತ್ತು ಅಹಿಂಸಾವ್ರತಗಳು ಬೇರೆ ಬೇರೆಯಾಗಿ ನಿಲ್ಲುವುದಿಲ್ಲ.